ಎರಡು ದಿನದಲ್ಲಿ ಹೈದರಾಬಾದು

‘ವೀಕೆಂಡ್’ ಎಂಬ ಶಬ್ದ ನಮ್ಮ ಮನೆಗಳಿಗೆ ಬಂದದ್ದು ಮಕ್ಕಳ ಬಾಯಿಂದ. ಮನೆ ನಡೆಸುವವಳಿಗೆ ಶನಿವಾರವೇನು, ರವಿವಾರವೇನು! ಎಲ್ಲರೂ ಮನೆಯಲ್ಲೇ ಇರುವ ದಿನ ಒಲೆಯ ಮುಂದೆ ಎರಡು ತಾಸು ಹೆಚ್ಚಿಗೆ ನಿಲ್ಲಬೇಕು, ಅಷ್ಟೇ. ಆದರೂ ಸೋದರಿಯರೇ, ವರ್ಷಕ್ಕೊಂದು ಸಲ ಆ ಎರಡು ದಿನಗಳನ್ನು ನಮಗಾಗಿ ತೆಗೆದಿಟ್ಟು ಒಂದು ದೊಡ್ಡ ಊರು ನೋಡಿ ಬರುವುದು ಸಾಧ್ಯವಿದೆ. ಕಲಬುರಗಿ, ಬೀದರ, ಯಾದಗಿರಿ ಕಡೆಯ ನಮಗೆ ಆ ಊರು ಹೈದರಾಬಾದು. ಬೆಂಗಳೂರು ನಮ್ಮಿಂದ ಸುಮಾರು 600 ಕಿಲೋಮೀಟರು. ಹೈದರಾಬಾದು 220ರ ಆಸುಪಾಸು. ಬೆಳಿಗ್ಗೆ ಹೊರಟರೆ ಮಧ್ಯಾಹ್ನ ಅಲ್ಲಿರುತ್ತೀರಿ.

ನಾನು ಹೋದದ್ದು ಬರೀ ಊರು ನೋಡಲಿಕ್ಕಲ್ಲ. ನಮ್ಮ ಮಗಳು ಅಲ್ಲಿ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗುತ್ತ ಬಂದಿತ್ತು. ಅಮೀರಪೇಟೆಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇರುತ್ತಾಳೆ. ಮದುವೆಯ ಮಾತು ಬಂದಾಗಲೆಲ್ಲ ಗಂಡಿನ ಕಡೆಯವರದು ಒಂದೇ ರಾಗ: “ಹುಡುಗಿ ಛಲೋ ಅದಾಳ. ಆದ್ರ ಅಷ್ಟು ದೊಡ್ಡ ಊರಾಗ ಒಬ್ಬಾಕಿನೇ ಇರ್ತಾಳಲ್ರಿ?” ಎರಡು ಸಂಬಂಧ ಇದೇ ಮಾತಿನ ಮೇಲೆ ನಿಂತುಹೋದವು. ನಮ್ಮವರು “ಕೆಲಸ ಬಿಡಿಸಿ ಕರ್ಕೊಂಡು ಬರೋಣು” ಎಂದರು. ನಾನು “ಮೊದಲ ಒಮ್ಮೆ ನೋಡಿ ಬರ್ತೀನಿ. ನೋಡಲಾರದ ಊರಿನ ಬಗ್ಗೆ ನಾವರೆ ಏನು ಮಾತಾಡೋದು?” ಎಂದೆ. ಅವರು ತಲೆಯಾಡಿಸಿದರು. ಅತ್ತಿಯವರು ಮಾತ್ರ “ಹೆಣ್ಣುಮಕ್ಕಳೇ ಹೋಗೋದೇನು?” ಎಂದು ಒಂದು ವಾರ ಗೊಣಗಿದರು.

ಜೊತೆಗೆ ಬಂದವರು ಪಕ್ಕದ ಮನೆಯ ಆಪಾ. ನಮ್ಮ ಮನೆ ಇರುವುದು ಮೋಮಿನಪುರದ ಅಂಚಿನಲ್ಲಿ. ಒಂದು ಗೋಡೆಯ ಆಚೆ ಅವರು, ಈಚೆ ನಾವು. ಇಪ್ಪತ್ತು ವರ್ಷದಿಂದ ಬಟ್ಟಲು ಹೋಗಿ ಬಟ್ಟಲು ಬರುತ್ತವೆ. ಅವರ ಮಗಳ ಮದುವೆ ಗೊತ್ತಾಗಿತ್ತು. ಬಳೆ ಮತ್ತು ಮದುಮಗಳ ಖಡಾ ದುಪಟ್ಟಾ ಚಾರಮಿನಾರಿನ ಹತ್ತಿರವೇ ತರಬೇಕೆಂದು ಅವರ ಹಟ. “ಭಾಬಿ, ನೀವು ಮಗಳನ್ನ ನೋಡ್ರಿ, ನಾ ಬಳೆ ನೋಡ್ತೀನಿ” ಎಂದು ಹೊರಟೇಬಿಟ್ಟರು.

ಇಬ್ಬರು ಹೆಂಗಸರು, ಎರಡು ಥರದ ಊಟ, ಎರಡು ಕೆಲಸ, ದಿನಗಳೂ ಎರಡೇ. ಹೀಗಾಗಿ ಹೊರಡುವ ಮೊದಲೇ ಕಾಗದದ ಮೇಲೆ ಬರೆದುಕೊಂಡೆವು. ನೀವೂ ಬರೆದುಕೊಳ್ಳಿರಿ. ಹೈದರಾಬಾದಿನಲ್ಲಿ ನೋಡುವುದು ಮುಗಿಯುವುದಿಲ್ಲ. ಎರಡು ದಿನಕ್ಕೆ ಹೋದವರು ಏನು ಬಿಡಬೇಕು ಎಂಬುದನ್ನೇ ಮೊದಲು ಬರೆಯಬೇಕು. ನಾವು ಗೋಲ್ಕೊಂಡ ಬಿಟ್ಟೆವು, ರಾಮೋಜಿ ಫಿಲ್ಮ್ ಸಿಟಿ ಬಿಟ್ಟೆವು. ಒಂದಕ್ಕೆ ಮೊಣಕಾಲು ಗಟ್ಟಿ ಬೇಕು, ಇನ್ನೊಂದಕ್ಕೆ ಇಡೀ ದಿನ ಬೇಕು. ಶನಿವಾರ ಕೆರೆ ಮತ್ತು ಮಗಳು, ರವಿವಾರ ಹಳೇ ಊರು. ಇಷ್ಟೇ ನಮ್ಮ ಯೋಜನೆ.

ಮನೆಯ ಚಿಂತೆ ನಮ್ಮ ಕಡೆಯವರಿಗೆ ಅಷ್ಟಿಲ್ಲ ನೋಡಿರಿ. ಕಡಕ್ ರೊಟ್ಟಿ ಇದ್ದರೆ ಅರ್ಧ ಚಿಂತೆ ಹೋಯಿತು. ಗುರುವಾರ ರೊಟ್ಟಿ ಬಡಿದು ಒಣಗಿಸಿಟ್ಟೆ, ಶೇಂಗಾ ಹಿಂಡಿ, ಅಗಸಿ ಹಿಂಡಿ ಕುಟ್ಟಿಟ್ಟೆ. ಶುಕ್ರವಾರ ರಾತ್ರಿ ಪುಂಡಿಪಲ್ಯ ಮಾಡಿದೆ. ಅದು ಮರುದಿನವೇ ಹೆಚ್ಚು ರುಚಿ. ಬ್ಯಾಳಿ ಬೇಯಿಸಿಕೊಳ್ಳುವುದು ನಮ್ಮವರಿಗೆ ಬರುತ್ತದೆ, ಆದರೆ ಬರುವುದಿಲ್ಲ ಎನ್ನುತ್ತಾರೆ! ಮಗಳಿಗೆಂದು ಇಪ್ಪತ್ತು ಕಡಕ್ ರೊಟ್ಟಿಗಳನ್ನು ಸ್ಟೀಲ್ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇಟ್ಟೆ, ಇಲ್ಲದಿದ್ದರೆ ದಾರಿಯಲ್ಲೇ ಪುಡಿಯಾಗುತ್ತವೆ. ಕಮಲಾಪುರದ ಕೆಂಪು ಬಾಳೆಹಣ್ಣು ಒಂದು ಡಜನ್ ತಗೊಂಡೆ. ಅದು ತುಟ್ಟಿಯೇ, ಆದರೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಮ್ಮೂರ ಹಣ್ಣು. ಹಾಸ್ಟೆಲಿನ ಹುಡುಗಿಯರಿಗೆ ತೋರಿಸಬೇಡವೇ?

ಹೋಗುವುದು ರೈಲಿನಲ್ಲಾದರೆ ಸುಖ. ಮುಂಬಯಿಯಿಂದ ರಾತ್ರಿ ಹೊರಟು ಬೆಳಿಗ್ಗೆ ನಮ್ಮಲ್ಲಿಗೆ ಬರುವ ಗಾಡಿಯ ಹೆಸರೇ ಹುಸೇನಸಾಗರ ಎಕ್ಸ್‌ಪ್ರೆಸ್. ಆ ಊರಿನ ಕೆರೆಯ ಹೆಸರು. ಶಹಾಬಾದ, ವಾಡಿ, ಸೇಡಂ, ತಾಂಡೂರ ದಾಟಿ ಹೋಗುತ್ತದೆ. ನಮ್ಮ ಮನೆಗಳ ನೆಲಕ್ಕೆ ಹಾಸಿದ ಫರಸಿಯೆಲ್ಲ ಈ ಊರುಗಳದ್ದೇ! ಇಳಿಯುವುದು ನಾಂಪಲ್ಲಿಯಲ್ಲಿ, ಅಲ್ಲಿಂದ ಕೆರೆ ಹತ್ತಿರ. ಮುಂಚೆಯೇ ಟಿಕೆಟ್ ಮಾಡಿಸಿರಿ, ವೇಳೆಯನ್ನೂ ಆಗಲೇ ಕೇಳಿಕೊಳ್ಳಿರಿ. ಬಸ್ಸಿನವರಿಗೆ ಒಂದು ಮಾತು: 2023ರ ಜೂನಿನಿಂದ ನಮಗೆ ಸಿಕ್ಕ ಶಕ್ತಿ ಯೋಜನೆಯ ಪುಕ್ಕಟೆ ಪ್ರಯಾಣ ಕರ್ನಾಟಕದ ಒಳಗೆ ಮಾತ್ರ. ಬೇರೆ ರಾಜ್ಯಕ್ಕೆ ಹೋಗುವ ಬಸ್ಸಿಗೆ ಟಿಕೆಟ್ ತೆಗೆಯಬೇಕು. ತೆಲಂಗಾಣದಲ್ಲೂ ಹೆಂಗಸರಿಗೆ ಪುಕ್ಕಟೆ ಇದೆ, ಆದರೆ ಅದು ಆ ರಾಜ್ಯದ ಹೆಂಗಸರಿಗೆ. ಕಂಡಕ್ಟರನ ಜೊತೆ ವಾದ ಮಾಡಬೇಡಿರಿ.

“ಭಾಷೆ ಬರೋದಿಲ್ಲವಲ್ಲ” ಎಂದು ಅಂಜುವವರೂ ಇದ್ದಾರೆ. ಹೊರಗಡೆ ಬೋರ್ಡು ತೆಲುಗಿನಲ್ಲಿದ್ದರೂ ಅಕ್ಷರ ನಮ್ಮ ಕನ್ನಡದ ಅಕ್ಕತಂಗಿಯಂತೆ, ಅರ್ಧ ಓದಲಿಕ್ಕೆ ಬರುತ್ತದೆ. ಹಳೇ ಊರಿನಲ್ಲಂತೂ ನಮ್ಮ ಮೋಮಿನಪುರದ ಓಣಿಯಲ್ಲಿ ಕೇಳುವ ಅದೇ ದಖನಿ. “ಹೌ”, “ನಕ್ಕೋ” ಎಂಬ ಎರಡು ಮಾತಿನ ಮೇಲೆ ಅರ್ಧ ವ್ಯಾಪಾರ ಮುಗಿಯುತ್ತದೆ. ಇದೇನೂ ಅಚ್ಚರಿಯಲ್ಲ. 1956ರ ನವೆಂಬರ್ 1ರವರೆಗೆ ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ನಮ್ಮ ಅಜ್ಜಂದಿರಿಗೆ ಕೋರ್ಟು, ಕಾಲೇಜು, ದೊಡ್ಡ ದವಾಖಾನೆ ಎಲ್ಲ ಅಲ್ಲೇ. ಕಾಚಿಗುಡ ಕಡೆ ನೃಪತುಂಗನ ಹೆಸರಿನ ಕನ್ನಡ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಹುಟ್ಟಿಕೊಂಡದ್ದು ಸುಮ್ಮನೆ ಅಲ್ಲ.

ಇಳಿದುಕೊಳ್ಳಲಿಕ್ಕೆ ಸಂಬಂಧಿಕರ ಮನೆ ಹುಡುಕಬೇಡಿರಿ. ಅವರ ಮನೆಯಲ್ಲಿ ಉಪ್ಪಿಟ್ಟು, ಚಹಾ, ಮಾತು, ಮತ್ತೆ ಚಹಾ! ಇದರಲ್ಲೇ ಒಂದು ದಿನ ಹೋಗುತ್ತದೆ. ನಾಂಪಲ್ಲಿ, ಲಕಡಿ-ಕಾ-ಪೂಲ್ ಕಡೆ ಲಾಡ್ಜುಗಳು ಬೇಕಾದಷ್ಟಿವೆ. ಆಧಾರ್ ಕಾರ್ಡು ಇರಲಿ, ಕೋಣೆಯ ಚಿಲಕ ಮತ್ತು ಸ್ನಾನದ ಮನೆ ನೋಡಿಯೇ ಹಣ ಕೊಡಿರಿ.

ಇನ್ನು ಕೆರೆಯ ವಿಷಯ. ನಮ್ಮ ಕಲಬುರಗಿಯಲ್ಲೂ ಶರಣಬಸವೇಶ್ವರರ ಗುಡಿಯ ಹತ್ತಿರ ಅಪ್ಪನ ಕೆರೆ ಇದೆ, ಸಂಜೆ ಮಕ್ಕಳನ್ನು ಕರಕೊಂಡು ಹೋಗುತ್ತೇವೆ. ಆದರೆ ಹುಸೇನಸಾಗರವನ್ನು ನೋಡಿದಾಗ ಇದು ಕೆರೆಯೋ ಸಮುದ್ರವೋ ಅನಿಸಿತು. ತಮಾಷೆ ಎಂದರೆ ಊರಿಗಿಂತ ಕೆರೆಗೇ ವಯಸ್ಸು ಹೆಚ್ಚು. ಇಬ್ರಾಹಿಂ ಕುಲಿ ಕುತುಬಶಹಾನ ಕಾಲದಲ್ಲಿ, 1562ರ ಸುಮಾರಿಗೆ, ಹುಸೇನ ಶಾಹ ವಲಿ ಎಂಬವರು ಮುಂದೆ ನಿಂತು ಕಟ್ಟಿಸಿದ್ದು. ಮೂಸಿ ನದಿಯಿಂದ ಕಾಲುವೆ ತೆಗೆದು ತುಂಬಿಸಿದರಂತೆ. ಚಾರಮಿನಾರು ಎದ್ದದ್ದು, ಊರು ಕಟ್ಟಿದ್ದು 1591ರಲ್ಲಿ, ಅವನ ಮಗ ಮಹಮ್ಮದ್ ಕುಲಿ. ಆಮೇಲೆ 1806ರಲ್ಲಿ ಕೆರೆಯ ಆಚೆಗೆ ಇಂಗ್ಲಿಷರ ದಂಡಿನ ಊರಾಗಿ ಸಿಕಂದರಾಬಾದು ಬೆಳೆಯಿತು. ಟ್ಯಾಂಕ್ ಬಂಡ್ ಎನ್ನುವ ಏರಿ ಈ ಎರಡೂ ಊರುಗಳನ್ನು ಕೂಡಿಸುತ್ತದೆ.

ನೀರಿನ ನಡುವೆ ಬುದ್ಧ ನಿಂತಿದ್ದಾನೆ. ಒಂದೇ ಕಲ್ಲಿನ ಮೂರ್ತಿ, ಎತ್ತರ ಸುಮಾರು 58 ಅಡಿ. 1990ರ ಮಾರ್ಚಿನಲ್ಲಿ ದೋಣಿಯ ಮೇಲೆ ಸಾಗಿಸುವಾಗ ಮೂರ್ತಿ ಕೆರೆಯಲ್ಲಿ ಮುಳುಗಿತು, ಕೆಲವರ ಜೀವವೂ ಹೋಯಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ಬುದ್ಧ ನೀರಿನ ತಳದಲ್ಲಿ ಮಲಗಿದ್ದ. 1992ರ ಡಿಸೆಂಬರಿನಲ್ಲಿ ಎಬ್ಬಿಸಿ ನಿಲ್ಲಿಸಿದರು. ಲುಂಬಿನಿ ಪಾರ್ಕಿನಿಂದ ದೋಣಿಯಲ್ಲಿ ಹತ್ತಿರ ಹೋಗಬಹುದು. ಸಂಜೆ ಐದರ ಮೇಲೆ ಹೋಗಿರಿ, ದೀಪ ಹತ್ತುವವರೆಗೆ ಇರಿ. ಬೇಸಿಗೆಯಲ್ಲಾದರೆ ನೀರಿನ ವಾಸನೆ ಮೂಗಿಗೆ ಬಡಿಯುತ್ತದೆ; ಅಷ್ಟು ದೊಡ್ಡ ಊರಿನ ಕೊಳೆ ನೀರನ್ನು ಎಷ್ಟೋ ವರ್ಷ ಇದಕ್ಕೇ ಬಿಟ್ಟದ್ದು. ದಂಡೆಗೆ 2023ರಲ್ಲಿ ನಿಲ್ಲಿಸಿದ 125 ಅಡಿಯ ಅಂಬೇಡ್ಕರ್ ಪ್ರತಿಮೆ ಇದೆ. ಹತ್ತಿರದ ಗುಡ್ಡದ ಮೇಲೆ 1976ರಲ್ಲಿ ಆದ ಬಿಳಿ ಅಮೃತಶಿಲೆಯ ಬಿರ್ಲಾ ಮಂದಿರ. ಅಲ್ಲಿಂದ ಕೆರೆ ಪೂರ್ತಿ ಕಾಣುತ್ತದೆ. ನಾನು ವೆಂಕಟೇಶ್ವರನ ದರ್ಶನ ಮಾಡಿ ಬರುವವರೆಗೆ ಆಪಾ ಕೆಳಗೆ ನನ್ನ ಚಪ್ಪಲಿ, ಮೊಬೈಲು ಕಾಯುತ್ತ ಕೂತರು. ಮರುದಿನ ಅವರು ಮಕ್ಕಾ ಮಸೀದಿಗೆ ಹೋದಾಗ ಅವರ ಚೀಲ ಕಾಯುವ ಸರದಿ ನನ್ನದು.

ದೋಣಿ ಇಳಿದು ದಂಡೆಯ ಕಟ್ಟೆಯ ಮೇಲೆ ಕೂತಾಗ ಮಗಳು ತಾನಾಗಿಯೇ ಮಾತು ತೆಗೆದಳು. “ಅವ್ವಾ, ಅಪ್ಪಾಜಿ ಬಿಡು ಅಂದ್ರ ಬಿಡ್ತೀನಿ. ಆದ್ರ ನೀ ನನ್ನ ಕೋಲಿ ನೋಡು, ನಾ ಹೋಗೋ ದಾರಿ ನೋಡು. ನೋಡಿ ನೀನೇ ಹೇಳು.” ಆಪಾ ಆಚೆ ಮುಖ ಮಾಡಿ ಶೇಂಗಾ ಸುಲಿಯುತ್ತಿದ್ದರು. ನಾನೂ ಆಗ ಏನೂ ಹೇಳಲಿಲ್ಲ.

ಅವತ್ತು ರಾತ್ರಿಯೇ ಮೆಟ್ರೋ ರೈಲಿನಲ್ಲಿ ಅಮೀರಪೇಟೆಗೆ ಹೋದೆವು. ಈ ರೈಲು 2017ರಲ್ಲಿ ಶುರುವಾದದ್ದು, ಹೆಂಗಸರಿಗೆ ಬೇರೆ ಜಾಗ ಇದೆ. ತುಂಬಿದ ಡಬ್ಬಿಯಲ್ಲಿ ಕೆಲಸ ಮುಗಿಸಿ ಮರಳುವ ಹೆಣ್ಣುಮಕ್ಕಳೇ. ಹಾಸ್ಟೆಲಿನ ಬಾಗಿಲಲ್ಲಿ ರಿಜಿಸ್ಟರು. ಹೋದ ವೇಳೆ, ಬಂದ ವೇಳೆ ಬರೆಯಬೇಕು. ಮೂರು ಮಂಚದ ಕೋಲಿ. ಒಬ್ಬಳು ಕೇರಳದವಳು, ಒಬ್ಬಳು ಒಡಿಶಾದವಳು. ನನ್ನ ಕಡಕ್ ರೊಟ್ಟಿಯನ್ನು ಹಪ್ಪಳವೆಂದು ತಿಳಿದು ಕರಕರ ತಿಂದರು, ಹಿಂಡಿ ಹತ್ತಿ ಕಣ್ಣೀರು ಸುರಿಸಿದರು. ಗೋಡೆಯ ಮೇಲೆ ತಿಂಗಳ ಖರ್ಚಿನ ಚೀಟಿ ಅಂಟಿಸಿದ್ದಳು ನಮ್ಮ ಹುಡುಗಿ: ಬಾಡಿಗೆ, ಊಟ, ಮೆಟ್ರೋ, ತಮ್ಮನ ಫೀ, ಉಳಿತಾಯ. ಮನೆಯಲ್ಲಿ ಒಂದು ತಟ್ಟೆ ತೊಳೆಯಲಿಕ್ಕೆ ಹತ್ತು ಸಲ ಕೂಗಿಸಿಕೊಳ್ಳುತ್ತಿದ್ದವಳು! ಊರಿನ ಪೊಲೀಸರ ‘ಶೀ ಟೀಮ್ಸ್’ ಎಂಬ ದಳ 2014ರಿಂದ ಇದೆ, ಯಾರಾದರೂ ಕಾಡಿದರೆ ದೂರು ಕೊಡಬಹುದು ಎಂದು ಆ ಹುಡುಗಿಯರೇ ಹೇಳಿದರು. ದೊಡ್ಡ ಊರು, ಅಂಜಿಕೆಯೇ ಇಲ್ಲ ಎಂದು ನಾನು ಹೇಳಲಾರೆ. ಆದರೆ ಅಂಜಿಕೆ ನಮ್ಮ ಓಣಿಯಲ್ಲೂ ಇದೆ, ರಿಜಿಸ್ಟರು ಮಾತ್ರ ಇಲ್ಲ.

ರವಿವಾರ ಬೆಳಿಗ್ಗೆ ಹಳೇ ಊರಿಗೆ ಬೇಗ ಹೋಗಿರಿ, ಹನ್ನೊಂದರ ಮೇಲೆ ಕಾಲಿಡಲಿಕ್ಕೆ ಜಾಗವಿರುವುದಿಲ್ಲ. ಇರಾನಿ ಚಹಾ, ಉಸ್ಮಾನಿಯಾ ಬಿಸ್ಕೀಟು ಇಬ್ಬರಿಗೂ ನಡೆಯಿತು. ಮಧ್ಯಾಹ್ನ ಆಪಾ ಬಿರಿಯಾನಿಗೆ, ನಾನು ಉಡುಪಿ ಹೋಟೆಲಿಗೆ. ಅರ್ಧ ತಾಸಿನ ನಂತರ ಇಂಥಲ್ಲಿ ಕೂಡಬೇಕು ಎಂದು ಮಾತಾಡಿಕೊಂಡರೆ ಯಾರಿಗೂ ಬೇಜಾರಿಲ್ಲ.

ಲಾಡ್ ಬಜಾರಿನಲ್ಲಿ ಅರಗಿನ ಬಳೆ ಮಾಡುವುದನ್ನು ನಿಂತು ನೋಡಿರಿ. ಕೆಂಡದ ಕಾವಿಗೆ ಅರಗನ್ನು ಮೆತ್ತಗೆ ಮಾಡಿ, ಎಳೆದು, ಸುತ್ತಿ, ಬಿಸಿ ಆರುವ ಮೊದಲು ಹರಳುಗಳನ್ನು ಒಂದೊಂದಾಗಿ ಕೂಡಿಸುತ್ತಾರೆ. ನಿಮ್ಮ ಕೈ ಅಳತೆಗೆ ಅಲ್ಲೇ ಮಾಡಿಕೊಡುವವರಿದ್ದಾರೆ. ಬೆಲೆಯಲ್ಲಿ ಅರ್ಧಕ್ಕೆ ಕೇಳಿರಿ, ನಾಚಿಕೆ ಬೇಡ. ಆಪಾ ಒಂದು ಅಂಗಡಿ ಬಿಟ್ಟು ಎದ್ದು ಹತ್ತು ಹೆಜ್ಜೆ ಹೋದ ಮೇಲೆ ಅವನೇ ಕರೆದ. ಖಡಾ ದುಪಟ್ಟಾಕ್ಕೆ ಮಾತ್ರ ಆರು ಅಂಗಡಿ ಏರಿದರು, ನನ್ನ ಕಾಲು ಬಿದ್ದುಹೋದವು.

ಅಲ್ಲಿಂದ ಸಾಲಾರ್‌ಜಂಗ್ ಮ್ಯೂಸಿಯಂ ಹತ್ತಿರ. ಶುಕ್ರವಾರ ರಜೆ, ನೆನಪಿಡಿರಿ. ಗಂಟೆಗೊಮ್ಮೆ ಒಬ್ಬ ಪುಟ್ಟ ಮನುಷ್ಯ ಹೊರಬಂದು ಗಂಟೆ ಬಾರಿಸುವ ಗಡಿಯಾರ, ಕಲ್ಲಿನಲ್ಲೇ ತೆಳು ಮುಸುಕು ಕೆತ್ತಿದ ರೆಬೆಕ್ಕಾಳ ಮೂರ್ತಿ, ಇವೆರಡು ನೋಡಿದರೂ ಟಿಕೆಟಿನ ಹಣ ಬಂತು. ಹೊರಗೆ ಮೂಸಿ ಹರಿಯುತ್ತದೆ. 1908ರ ಸೆಪ್ಟೆಂಬರಿನಲ್ಲಿ ಈ ನದಿ ಉಕ್ಕಿ ಸಾವಿರಾರು ಜನ ಸತ್ತರು. ಮುಂದೆ ಹಾಗಾಗದಂತೆ ಉಪಾಯ ಹೇಳಲು ನಿಜಾಮರು ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರ ಯೋಜನೆಯಂತೆ ಊರ ಮೇಲ್ಭಾಗದಲ್ಲಿ ಉಸ್ಮಾನಸಾಗರ, ಹಿಮಾಯತಸಾಗರ ಎಂಬ ಎರಡು ಕೆರೆಗಳಾದವು.

ಯಾವ ಯಾವ ಜನ ಬಂದು ಆ ಊರಾಯಿತೋ! ಬರ್ಕಸ್ ಎಂಬ ಮೊಹಲ್ಲಾದಲ್ಲಿ ಅರಬರ ವಂಶದವರು, ಎ.ಸಿ. ಗಾರ್ಡ್ಸ್‌ನಲ್ಲಿ ನಿಜಾಮನ ಆಫ್ರಿಕನ್ ಕುದುರೆ ದಂಡಿನವರ ಮೊಮ್ಮಕ್ಕಳು, ಬೇಗಂ ಬಜಾರಿನಲ್ಲಿ ಮಾರವಾಡಿಗಳು. ಎಲ್ಲರೂ ಮೆಚ್ಚುವ ಹಣ್ಣಿನ ಬಿಸ್ಕೀಟಿನ ಕರಾಚಿ ಬೇಕರಿ, ದೇಶ ಹೋಳಾದಾಗ ಬಂದ ಸಿಂಧಿಯವರು 1953ರಲ್ಲಿ ತೆರೆದದ್ದು. ಅಲ್ಲಿ ನನ್ನ ಮಗಳೊಬ್ಬಳೇ ಹೊರಗಿನವಳು ಎಂದು ಅಂಜುವುದು ಯಾತಕ್ಕೆ ಎಂದು ಆಪಾ ಕೇಳಿದರು.

ಸಂಜೆ ಮಹಾತ್ಮಾಗಾಂಧಿ ಬಸ್ ನಿಲ್ದಾಣದಲ್ಲಿ ಬಸ್ಸು ಹತ್ತಿದೆವು. ಜಹೀರಾಬಾದ, ಹುಮನಾಬಾದ, ಕಮಲಾಪುರ ಮೇಲೆ ಬರುವ ಬಸ್ಸು. ಮನೆ ಮುಟ್ಟಿದಾಗ ನಮ್ಮವರು ಎದ್ದೇ ಕೂತಿದ್ದರು. “ಕೆಲಸ ಬಿಡಿಸೋದು ಬ್ಯಾಡ್ರಿ. ಇನ್ನ ಯಾರರೆ ಕೇಳಿದ್ರ ನನ್ನ ಕೂಡ ಮಾತಾಡಾಕ ಹೇಳ್ರಿ, ನಾ ನೋಡಿ ಬಂದೀನಿ” ಎಂದೆ. ಕಳೆದ ತಿಂಗಳು ಬೀದರ ಕಡೆಯ ಒಂದು ಮನೆಯವರು ಅದೇ ಪ್ರಶ್ನೆ ಕೇಳಿದರು. ಹಾಸ್ಟೆಲಿನ ರಿಜಿಸ್ಟರಿನಿಂದ ಹಿಡಿದು ಮೆಟ್ರೋ ಡಬ್ಬಿಯವರೆಗೆ ಎಲ್ಲ ಹೇಳಿದೆ. ಹುಡುಗನ ತಾಯಿ “ನಾವೂ ಒಮ್ಮೆ ನೋಡಬೇಕಲ್ರಿ ಆ ಊರು” ಎಂದರು. ಮಾತು ಇನ್ನೂ ನಡೆದಿದೆ.

ನೀವು ಹೋಗುವುದಾದರೆ ಸಂಕ್ರಾಂತಿಯ ಸುಮಾರಿಗೆ ಹೋಗಿರಿ. ಬಿಸಿಲಿರುವುದಿಲ್ಲ, ಜೊತೆಗೆ ಜನವರಿ 1ರಿಂದ ಒಂದೂವರೆ ತಿಂಗಳು ನಾಂಪಲ್ಲಿಯಲ್ಲಿ ನುಮಾಯಿಶ್ ಎಂಬ ದೊಡ್ಡ ಪ್ರದರ್ಶನ ಇರುತ್ತದೆ. 1938ರಿಂದ ಬಂದ ಪದ್ಧತಿ. ಉಪ್ಪಿನಕಾಯಿ ಭರಣಿಯಿಂದ ಕಾಶ್ಮೀರಿ ಶಾಲಿನವರೆಗೆ ಎಲ್ಲ ಸಿಗುತ್ತದೆ, ಖಾಲಿ ಚೀಲ ಒಂದು ಹೆಚ್ಚಿಗೆ ಇರಲಿ. ಗಣಪತಿ ಕಳಿಸುವ ದಿನ ಮಾತ್ರ ಕೆರೆಯ ಕಡೆ ಸುಳಿಯಬೇಡಿರಿ, ಇಡೀ ಊರೇ ಅಲ್ಲಿರುತ್ತದೆ. ಬರುವ ಜನವರಿಗೆ ನಾವು ಮತ್ತೆ ಹೊರಟಿದ್ದೇವೆ. ಈ ಸಲ ಅತ್ತಿಯವರೂ ಬರುವವರು. “ದೋಣಿ ಭಾಳ ಅಲ್ಲಾಡ್ತದೇನವಾ?” ಎಂದು ಈಗಿನಿಂದಲೇ ಕೇಳುತ್ತಿದ್ದಾರೆ.