ಅಣ್ಣ ಏರಿಸಿದ ಲೆವೆಲ್

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ನಮ್ಮ ಹಳೇ ಮನೆಯ ಹಿಂದಿನ ಕೋಣೆ ಕೆಡವುವ ಕೆಲಸ ನಡೆದಿತ್ತು. ಊರು ಅಂದರೆ ರಾಜೇಶ್ವರ. ಹೈದರಾಬಾದ್–ಸೋಲಾಪುರ ಹೆದ್ದಾರಿಯಲ್ಲಿ ಹುಮನಾಬಾದ್ ದಾಟಿ ಬಸವಕಲ್ಯಾಣದ ಕಡೆ ಹೊರಟರೆ ಸಿಗುತ್ತದೆ. ಬಸ್ಸಿನಲ್ಲಿ ನಿದ್ದೆ ಹತ್ತಿದ್ದರೆ ನೀವು ನೋಡಿರೋದಿಲ್ಲ, ಬಿಡಿ. ಕೋಣೆಯ ಸಾಮಾನೆಲ್ಲ ಅಂಗಳಕ್ಕೆ ಬಂದಿತ್ತು. ಖಾಲಿ ಚೀಲಗಳು, ಮುರಿದ ಕೂರಿಗೆ, ಒಂದು ತೊಟ್ಟಿಲು, ಅವುಗಳ ನಡುವೆ ನನ್ನ ಬಿಇ ಕಾಲದ ಕಂಪ್ಯೂಟರ್.

"ಗುಜರಿಯವ ನಾಳೆ ಬರ್ತಾನ. ಇದರಾಗ ನಿಂದೇನರ ಅದಾ ನೋಡ್ಕೋ" ಅಂದ ಅಣ್ಣ.

ಆ ಸಲ ನಾನು ಊರಿಗೆ ಹೋಗಿದ್ದೇ ಒಂದು ಉತ್ತರವನ್ನ ಜೇಬಲ್ಲಿ ಬಚ್ಚಿಟ್ಟುಕೊಂಡು. ಅಣ್ಣನ ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಒಂದು ವಾರ ಮೊದಲು ಅಣ್ಣ ಫೋನಿನಲ್ಲಿ ಬೆಳೆ, ಬಿಸಿಲು, ಅವ್ವನ ಮೊಣಕಾಲು ನೋವು ಎಲ್ಲ ಹೇಳಿ ಮುಗಿಸಿ, ಕೊನೆಗೆ, "ಬೆಂಗಳೂರಾಗ ನಿಮ್ಮ ಹಂತ್ಯಾಕ ಇದ್ದು ಪಿಯುಸಿ ಓದ್ತೀನಿ ಅಂತಾಳ. ನಿಮಗ ತ್ರಾಸ ಆಗಂಗಿದ್ರ ಬ್ಯಾಡ" ಅಂದಿದ್ದ. ನಾನು "ನೋಡೋಣ ಅಣ್ಣಾ" ಅಂದಿದ್ದೆ. ಎರಡು ಬೆಡ್‌ರೂಮಿನ ಮನೆ, ಅದರಲ್ಲೊಂದು ನಾನು ವರ್ಕ್ ಫ್ರಂ ಹೋಮ್ ಮಾಡುವ ಕೋಣೆ. ಎರಡು ಮಾನಿಟರ್, ಒಳ್ಳೇ ಕುರ್ಚಿ, ಗೋಡೆ ಮೇಲೆ ಹಳೇ ಗೇಮುಗಳ ಪೋಸ್ಟರ್. ನನ್ನ ಹೆಂಡತಿ ಅವತ್ತೇ "ಬರಲಿ, ಅದ್ರಲ್ಲೇನಿದೆ" ಅಂದಿದ್ದಳು. ಅಡ್ಡ ಇದ್ದವನು ನಾನೇ.

ಆ ಪೋಸ್ಟರುಗಳ ಕಥೆಗೆ ಬರುತ್ತೇನೆ.

ನಮ್ಮ ಕಡೆ ವಿಡಿಯೋ ಗೇಮ್ ಅಂದರೆ ಮೊದಲು ಟಿವಿಗೆ ಹಚ್ಚುವ ಲಿಟಲ್ ಮಾಸ್ಟರ್, ಮೀಡಿಯಾ ಥರದ ಡಬ್ಬಿಗಳು. ಹಳದಿ ಕ್ಯಾಸೆಟ್ಟಿನ ಮೇಲೆ ಸಾವಿರಗಟ್ಟಲೆ ಆಟಗಳಿವೆ ಅಂತ ಬರೆದಿರುತ್ತಿತ್ತು, ಹಚ್ಚಿದರೆ ಅದೇ ಮಾರಿಯೋ, ಅದೇ ಕಾಂಟ್ರಾ ತಿರುತಿರುಗಿ ಬರುತ್ತಿತ್ತು. ಸತ್ತರೆ ಮೊದಲಿನಿಂದ. ಕರೆಂಟ್ ಹೋದರೂ ಮೊದಲಿನಿಂದ. ನಮ್ಮೂರಲ್ಲಿ ಎರಡನೆಯದೇ ಜಾಸ್ತಿ. ಆ ಆಟಗಳಿಗೆ ನೆನಪು ಅನ್ನೋದೇ ಇರಲಿಲ್ಲ.

ನೆನಪಿರುವ ಆಟ ನನಗೆ ಸಿಕ್ಕಿದ್ದು 2008ರಲ್ಲಿ. ಬೀದರಿನಲ್ಲಿ ಬಿಇಗೆ ಸೀಟು ಸಿಕ್ಕ ವರ್ಷ ಅದು. ಸೋಯಾ ಮಾರಿದ ದುಡ್ಡು ತಗೊಂಡು ನಾನು, ಅಣ್ಣ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗಿ ಒಂದು ಅಸೆಂಬಲ್ಡ್ ಕಂಪ್ಯೂಟರ್ ಕೊಂಡೆವು. ವಾಪಸ್ ಬರುವಾಗ 17 ಇಂಚಿನ ಡಬ್ಬಾ ಮಾನಿಟರ್ ಅಣ್ಣನ ತೊಡೆ ಮೇಲೆ. ಹುಮನಾಬಾದ್ ಬರುವವರೆಗೂ ಅವನು ಕಾಲು ಅಲ್ಲಾಡಿಸಲಿಲ್ಲ. ಹಾಸ್ಟೆಲ್ ಗೆಳೆಯನೊಬ್ಬ ಪೆನ್‌ಡ್ರೈವಿನಲ್ಲಿ ಎಮ್ಯುಲೇಟರ್‌ಗಳನ್ನೂ ಹತ್ತಾರು ಗೇಮುಗಳನ್ನೂ ತುಂಬಿಕೊಟ್ಟ. ಎಲ್ಲ ಕದ್ದ ಪ್ರತಿಗಳೇ, ಸುಳ್ಳು ಯಾಕೆ ಹೇಳಲಿ. ಫೈನಲ್ ಫ್ಯಾಂಟಸಿ, ಕ್ರೋನೋ ಟ್ರಿಗರ್, ಪೋಕೆಮಾನ್. ಆಮೇಲೆ ಗೊತ್ತಾಯಿತು, ಇವಕ್ಕೆಲ್ಲ ಜಪಾನೀ ರೋಲ್ ಪ್ಲೇಯಿಂಗ್ ಗೇಮ್ ಅಂತಾರೆ, ಚಿಕ್ಕದಾಗಿ ಜೆಆರ್‌ಪಿಜಿ ಅಂತ.

ಆಡದವರಿಗೆ ಎರಡು ಮಾತು. 1986ರಲ್ಲಿ ಯೂಜಿ ಹೋರಿಯಿ ಅನ್ನುವವರು ಡ್ರಾಗನ್ ಕ್ವೆಸ್ಟ್ ಮಾಡಿದರು. ಅಮೆರಿಕದ ವಿಝರ್ಡ್ರಿ, ಅಲ್ಟಿಮಾ ಆಟಗಳನ್ನು ನೋಡಿ, ಅದೇ ಬಗೆಯ ಆಟ ಮನೆಮನೆಯ ಟಿವಿಯಲ್ಲಿ ಯಾರು ಬೇಕಾದರೂ ಆಡುವಂತಿರಬೇಕು ಅಂತ ಸರಳ ಮಾಡಿದ್ದು. ಇಲ್ಲಿ ಬೆರಳಿನ ಚುರುಕು ಬೇಕಿಲ್ಲ. ನೀವು ಒಂದು ಏಟು, ಶತ್ರು ಒಂದು ಏಟು, ಸರದಿ ಪ್ರಕಾರ. ನಿಮ್ಮ ಸರದಿ ಬಂದಾಗ ನೀವು ಎದ್ದು ಹೋಗಿ ನೀರು ಕುಡಿದು ಬಂದರೂ ಆಟ ಕಾಯುತ್ತದೆ. ದೊಡ್ಡ ರಾಕ್ಷಸ ಸೋಲಲಿಲ್ಲವಾ? ಹುಲ್ಲಿಗೆ ಹೋಗಿ ಸಣ್ಣಪುಟ್ಟ ಪ್ರಾಣಿಗಳ ಜೊತೆ ನೂರು ಸಲ ಕಾದಾಡಿ ಲೆವೆಲ್ ಏರಿಸಿಕೊಂಡು ಬನ್ನಿ. ಇದಕ್ಕೆ ಗ್ರೈಂಡಿಂಗ್ ಅಂತ ಹೆಸರು. ಮೊದಲ ಡ್ರಾಗನ್ ಕ್ವೆಸ್ಟಿನಲ್ಲಿ ಸೇವ್ ಮಾಡುವ ವ್ಯವಸ್ಥೆಯೂ ಇರಲಿಲ್ಲ. ರಾಜನ ಬಳಿ ಹೋದರೆ 20 ಅಕ್ಷರಗಳ ಮಂತ್ರ ಕೊಡುತ್ತಿದ್ದ, ಅದನ್ನು ಹಾಳೆಯಲ್ಲಿ ಬರೆದಿಟ್ಟುಕೊಂಡು ಮರುದಿನ ಒತ್ತಬೇಕು. ಒಂದಕ್ಷರ ತಪ್ಪಿ ಬರೆದರೆ ದಿನದ ದುಡಿಮೆ ಹೋಯಿತು. ಅದನ್ನು ಓದಿದಾಗ ನನಗೆ ನಮ್ಮೂರಿನ ಲೋಡ್‌ಶೆಡ್ಡಿಂಗೇ ನೆನಪಾಯಿತು.

ನಮ್ಮ ಮನೆಯಲ್ಲಿ ಗ್ರೈಂಡಿಂಗ್ ಮಾಡುತ್ತಿದ್ದವನು ಅಣ್ಣ.

ಅಣ್ಣ ನನಗಿಂತ ಐದು ವರ್ಷ ದೊಡ್ಡವನು. ಎಸ್ಸೆಸ್ಸೆಲ್ಸಿಯಲ್ಲಿ ನನಗಿಂತ ಹೆಚ್ಚು ಮಾರ್ಕ್ಸ್. ಹುಮನಾಬಾದಿನಲ್ಲಿ ಪಿಯುಸಿ ಸೈನ್ಸ್ ಓದುತ್ತಿದ್ದಾಗ ಅಪ್ಪನಿಗೆ ಲಕ್ವಾ ಹೊಡೆಯಿತು. ಸೆಕೆಂಡ್ ಪಿಯುಸಿ ಅರ್ಧಕ್ಕೆ ಬಿಟ್ಟು ಹೊಲಕ್ಕೆ ಇಳಿದ. ಬಿಟ್ಟಿದ್ದರ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ, ಅವನೂ ಮಾತಾಡಲಿಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಬರುತ್ತಿದ್ದದ್ದು ನಡುರಾತ್ರಿ. ಕಬ್ಬಿಗೆ ನೀರು ಬಿಡಬೇಕಾದರೆ ಎದ್ದಿರಬೇಕು. ಕಾಯುವ ಆ ಹೊತ್ತಿಗೆ ಅವನು ಕಂಪ್ಯೂಟರ್ ಮುಂದೆ ಕೂರುತ್ತಿದ್ದ. ನಾನು ದಿನಾ ಬಸ್ಸಿನಲ್ಲಿ ಬೀದರಿಗೆ ಹೋಗಿ ಬಂದು ಸುಸ್ತಾಗಿ ಒಂಬತ್ತಕ್ಕೇ ನಿದ್ದೆ. "ನೀ ಮಕ್ಕೋ. ನಾ ಲೆವೆಲ್ ಏರಿಸಿ ಇಡ್ತೀನಿ" ಅನ್ನುತ್ತಿದ್ದ. ಬೆಳಿಗ್ಗೆ ಎದ್ದರೆ ನಮ್ಮ ತಂಡ ಎರಡು ಲೆವೆಲ್ ಮೇಲೆ. ಕೀಬೋರ್ಡಿನ ಮೇಲೆ ಸ್ವಲ್ಪ ಮಣ್ಣು.

2009ರಲ್ಲಿ ಅವನಿಗೆ ಮಗಳು ಹುಟ್ಟಿದಳು. ಆಮೇಲೆ ಒಂದು ಕೈಯಲ್ಲಿ ತೊಟ್ಟಿಲ ಹಗ್ಗ, ಇನ್ನೊಂದು ಕೈಯಲ್ಲಿ ಕೀಬೋರ್ಡ್. ಮಗು ಅತ್ತರೆ ಎದ್ದು ಹೋಗುತ್ತಿದ್ದ, ಆಟ ಕಾಯುತ್ತಿತ್ತು. ಹೊಲದ ಕಡೆ ಮೋಟರ್ ಚಾಲೂ ಮಾಡಲು ಹೋದರೂ ಕಾಯುತ್ತಿತ್ತು. ಯುಪಿಎಸ್ ಕೂಗು ಹಾಕಿತು ಅಂದರೆ ಮಾತ್ರ ಓಡಿ ಬರುತ್ತಿದ್ದ, "ಸೇವ್ ಮಾಡೋ, ಲೈಟ್ ಹೋಯ್ತು!" ಅಂತ.

ಇಂಗ್ಲಿಷ್ ಅಷ್ಟು ಉದ್ದ ಓದಲು ಅವನಿಗೆ ಬೇಜಾರು. ಹಾಗಾಗಿ ಕಥೆ ಹೇಳುವ ಕೆಲಸ ನನ್ನದು. ಭಾನುವಾರ ಇಬ್ಬರೂ ಕೂತಾಗ ನಾನು ಡೈಲಾಗುಗಳನ್ನು ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಿದ್ದೆ. 1995ರ ಕ್ರೋನೋ ಟ್ರಿಗರಿನಲ್ಲಿ ಕಪ್ಪೆಯಾಗಿ ಮಾರ್ಪಟ್ಟ ಒಬ್ಬ ವೀರ ಇದ್ದಾನೆ, ಹಳೇ ಕಾಲದ ಇಂಗ್ಲಿಷಿನಲ್ಲಿ ಮಾತಾಡುತ್ತಾನೆ. ಅವನಿಗೆ ನಾನು ಬಯಲಾಟದ ರಾಜನ ಧಾಟಿ ಕೊಟ್ಟಿದ್ದೆ. ವೈನಿ ಒಳಗಿಂದ ನಗುತ್ತಿದ್ದರು.

ಅದೇ ಆಟದಲ್ಲಿ ರೋಬೋ ಅನ್ನುವ ಯಂತ್ರಮಾನವನ ಪ್ರಸಂಗ ಬರುತ್ತದೆ. ಬರಡಾದ ನೆಲದಲ್ಲಿ ಮತ್ತೆ ಕಾಡು ಬೆಳೆಸಬೇಕು, ಅದಕ್ಕೆ 400 ವರ್ಷ ಬೇಕು. ರೋಬೋ ತಾನು ಉಳಿಯುತ್ತೇನೆ ಅನ್ನುತ್ತಾನೆ. ಉಳಿದವರು ಕಾಲಯಂತ್ರ ಹತ್ತಿ ಮುಂದೆ ಹೋಗುತ್ತಾರೆ. ಅವರಿಗದು ಒಂದು ಗಳಿಗೆ, ಅವನಿಗೆ 400 ವರ್ಷದ ದುಡಿಮೆ. ಅಲ್ಲಿ ಹೋಗಿ ನೋಡಿದರೆ ನೆಲವೆಲ್ಲ ಕಾಡಾಗಿದೆ, ಅವನನ್ನು ದೇವರ ಹಾಗೆ ಇಟ್ಟಿದ್ದಾರೆ. ಗೆಳೆಯರು ಅವನನ್ನು ರಿಪೇರಿ ಮಾಡಿ ಜೊತೆಗೆ ಕರೆದುಕೊಂಡು ಹೋಗುತ್ತಾರೆ. ನಾನಿದನ್ನು ಓದಿ ಹೇಳಿದಾಗ ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಂದ್ರಲ್ಲ ಕರ್ಕೊಂಡು ಹೋಗ್ಲಿಕ್ಕ, ಬರಾಬರ್ ಆಯ್ತು" ಅಂದ. ನನಗೆ ಆಗ ಇಪ್ಪತ್ತು ವರ್ಷ. ಮುಂದಿನ ಡೈಲಾಗಿಗೆ ಹೋದೆ.

ನಾವು ಜಾಸ್ತಿ ಆಡಿದ್ದು ಮಾತ್ರ ಪೋಕೆಮಾನ್ ಫೈರ್‌ರೆಡ್. 2003ರಲ್ಲಿ ಕಾರ್ಟೂನ್ ನೆಟ್‌ವರ್ಕಿನಲ್ಲಿ ಹಿಂದಿಯಲ್ಲಿ ನೋಡಿದ್ದ ಪರಿಚಯ ಇತ್ತು. ಇದರ ಮೂಲ ಆಟ 1996ರದು, ಮಾಡಿದವರು ಸತೋಶಿ ತಾಜಿರಿ. ಟೋಕಿಯೋ ಹತ್ತಿರದ ಮಾಚಿದಾ ಅನ್ನುವಲ್ಲಿ ಬೆಳೆದವರು. ಚಿಕ್ಕಂದಿನಲ್ಲಿ ಹೊಲ, ಕೆರೆ ಅಲೆದು ಹುಳ ಹಿಡಿಯುವ ಹುಚ್ಚು. ಊರು ಬೆಳೆದು ಆ ಜಾಗಗಳೆಲ್ಲ ಕಟ್ಟಡಗಳಡಿ ಹೋದವು. ಹುಳ ಹಿಡಿಯುವ ಆ ಖುಷಿ ಈಗಿನ ಮಕ್ಕಳಿಗೂ ಸಿಗಲಿ ಅಂತ ಈ ಆಟ ಮಾಡಿದರು. ಅಂದರೆ ನಾವು ಹಂಬಲಿಸುವ ಆಟವೇ ಇನ್ನೊಬ್ಬರ ಹಂಬಲದಿಂದ ಹುಟ್ಟಿದ್ದು.

2012ರಲ್ಲಿ ನನಗೆ ಕೆಲಸ ಸಿಕ್ಕಿತು, ಬೆಂಗಳೂರಿಗೆ ಬಂದೆ. ಕೈಗೆ ದುಡ್ಡು ಬಂದಮೇಲೆ ಈ ಆಟಗಳನ್ನೆಲ್ಲ ದುಡ್ಡು ಕೊಟ್ಟೇ ಕೊಂಡೆ. ಕ್ರೋನೋ ಟ್ರಿಗರ್ ಈಗ ಫೋನಿನಲ್ಲೂ ಸಿಗುತ್ತದೆ. ಪೋಸ್ಟರ್ ತರಿಸಿದೆ, ಹೆಡ್‌ಫೋನ್ ಹಾಕಿಕೊಂಡು ಕೂತೆ. ಇಪ್ಪತ್ತು ನಿಮಿಷ ಆಡಿ ಮುಚ್ಚಿಡುತ್ತಿದ್ದೆ. ವಯಸ್ಸಾಯಿತು, ಕೆಲಸದ ಒತ್ತಡ ಅಂತ ನನಗೆ ನಾನೇ ಹೇಳಿಕೊಂಡೆ. ನಿಮ್ಮಲ್ಲೂ ಹಲವರಿಗೆ ಹೀಗಾಗಿರಬೇಕು. ಚಿಕ್ಕಂದಿನ ಆಟ ಮತ್ತೆ ಕೊಳ್ಳುತ್ತೇವೆ, ಸಂಗೀತ ಕೇಳಿ ಕಣ್ಣು ತುಂಬುತ್ತದೆ, ಆಡಲು ಆಗುವುದಿಲ್ಲ.

ಈಗ ಮತ್ತೆ ಅಂಗಳಕ್ಕೆ ಬರೋಣ. ಹಾರ್ಡ್ ಡಿಸ್ಕ್ ಬಿಚ್ಚಿಕೊಂಡೆ. ಹುಮನಾಬಾದಿನ ಕಂಪ್ಯೂಟರ್ ಅಂಗಡಿಯಿಂದ ಒಂದು ಅಡಾಪ್ಟರ್ ತಂದು ಲ್ಯಾಪ್‌ಟಾಪಿಗೆ ಹಚ್ಚಿದೆ. ಮೂರನೇ ಸಲಕ್ಕೆ ಹಿಡಿಯಿತು. ಪ್ರಾಜೆಕ್ಟ್ ರಿಪೋರ್ಟ್, ಯಾರದೋ ಮದುವೆ ಫೋಟೋ, ಆಮೇಲೆ ಆ ಫೈಲು. 128 ಕಿಲೋಬೈಟ್. ತೆರೆದೆ. ಆಡಿದ ಸಮಯ 412 ಗಂಟೆ ಅಂತ ತೋರಿಸಿತು. ಸ್ಪೇಸ್ ಬಾರ್ ಒತ್ತಿ ಜಲ್ದಿ ಓಡಿಸಿದ್ದೂ ಅದರಲ್ಲಿ ಸೇರಿದೆ, ಆದರೂ ನನ್ನ ಪಾಲು ನೂರು ದಾಟಿರಲಾರದು.

ಫೈರ್‌ರೆಡ್ ಆಡಿದವರಿಗೆ ಗೊತ್ತಿರುತ್ತದೆ, ಸೇವ್ ತೆರೆದ ಕೂಡಲೇ ಅದು ಹಿಂದಿನ ಸಲ ನೀವು ಏನು ಮಾಡಿದ್ದಿರಿ ಅಂತ ಬಣ್ಣ ಇಳಿದ ಚಿತ್ರದಲ್ಲಿ ತೋರಿಸುತ್ತದೆ. ಕೆಂಪು ಟೊಪ್ಪಿಗೆಯ ಹುಡುಗ ಪೋಕೆಮಾನ್ ಸೆಂಟರಿಗೆ ಹೋದ. ಗಾಯಗೊಂಡ ತಂಡವನ್ನು ವಾಸಿ ಮಾಡಿಸಿಕೊಂಡ. ಹೊರಗೆ ಬಂದ. ಹುಲ್ಲಿನಲ್ಲಿ ಒಂದು ಕಾಳಗ ಗೆದ್ದ. ನಾನು ಹೋದ ಮೇಲೂ ಅಣ್ಣ ಒಬ್ಬನೇ ಆಡಿದ್ದ. ಅವನ ಕೊನೆಯ ರಾತ್ರಿಯ ಓಡಾಟ ಅದು, ಹದಿಮೂರು ವರ್ಷದ ಮೇಲೆ ನನ್ನ ಕಣ್ಣ ಮುಂದೆ.

ತಂಡ ತೆರೆದು ನೋಡಿದೆ. ಸ್ನಾರ್‌ಲ್ಯಾಕ್ಸ್ ಅಂತ ಒಂದು ಪೋಕೆಮಾನ್ ಇದೆ, ಗುಡ್ಡದಂಥ ಮೈ, ರಸ್ತೆಗೆ ಅಡ್ಡ ಮಲಗಿರುವುದೇ ಕೆಲಸ. ನಾವದನ್ನು ಹಿಡಿದಾಗ 30ನೇ ಲೆವೆಲ್. ಈಗ 61. ಅದರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ "ತಮ್ಮ" ಅಂತಿತ್ತು. ಈ ಆಟದಲ್ಲಿ ಹೆಸರು ಬದಲಿಸಬೇಕಾದರೆ ಲ್ಯಾವೆಂಡರ್ ಅನ್ನುವ ಊರಿಗೆ ಹೋಗಿ ಒಬ್ಬ ಮುದುಕನನ್ನು ಕಾಣಬೇಕು. ಅಣ್ಣ ಅಲ್ಲಿತನಕ ಹೋಗಿದ್ದ. ಅದರ ಕೈಯಲ್ಲಿ ಕೊಟ್ಟಿದ್ದು ಎಕ್ಸ್‌ಪಿ ಶೇರ್. ಅದನ್ನು ಹಿಡಿದ ಪೋಕೆಮಾನ್ ಕಾಳಗಕ್ಕೆ ಇಳಿಯಬೇಕಿಲ್ಲ. ಬೇರೆಯವರು ಕಾದಾಡಿ ಗಳಿಸಿದ್ದರಲ್ಲಿ ಅರ್ಧ ಕೂತಲ್ಲೇ ಅದಕ್ಕೆ ಬರುತ್ತದೆ. 30ರಿಂದ 61ಕ್ಕೆ ಅದು ಹಾಗೇ ಏರಿತ್ತು.

ಅಣ್ಣ ಪಕ್ಕ ಬಂದು ಕೂತ. ನೋಡಿ ನಕ್ಕ. "ನೀ ಯಾವಾಗ್ಲೂ ಮಕ್ಕೊಂಡೇ ಇರ್ತಿದ್ದಿ. ಅದಕ್ಕ ಇಟ್ಟಿದ್ದೆ."

ನಾನು ನಗಲಿಕ್ಕೆ ನೋಡಿದೆ, ಆಗಲಿಲ್ಲ. ಹದಿನೇಳು ವರ್ಷದಿಂದ ಕೇಳದೇ ಇದ್ದದ್ದು ಬಾಯಿಗೆ ಬಂತು. "ಅಣ್ಣಾ, ಕಾಲೇಜು ಬಿಟ್ಟಿದ್ದಕ್ಕ ನಿನಗ ಬ್ಯಾಸರ ಆಗ್ತಿರ್ಲಿಲ್ಲೇನು?"

"ಆಗ್ತಿತ್ತು" ಅಂದ. ಅಷ್ಟೇ. ಇಲ್ಲ ಅಂತಾನೆ ಅಂದುಕೊಂಡಿದ್ದೆ.

ಅವನು ಲ್ಯಾಪ್‌ಟಾಪ್ ತನ್ನ ಕಡೆ ಎಳೆದುಕೊಂಡು ಹುಲ್ಲಿಗೆ ಇಳಿದ. ಬೆರಳಿಗೆ ಎಲ್ಲ ಬಟನ್ನೂ ನೆನಪಿದ್ದವು. ಮಗಳು ಬಂದು ಅವನ ಹೆಗಲ ಮೇಲಿಂದ ಬಗ್ಗಿ, "ಕಾಕಾ, ಇದೇನು ಇಷ್ಟ್ ಹಳೇದು?" ಅಂದಳು. ಅಂಗಳದಲ್ಲಿದ್ದ ತೊಟ್ಟಿಲು ಅವಳದೇ.

"ಜೂನ್‌ದಾಗ ಅಕಿನ್ನ ಬಸ್ಸಿಗೆ ಹತ್ತಿಸಬ್ಯಾಡ. ನಾನೇ ಬಂದು ಕರ್ಕೊಂಡು ಹೋಗ್ತೀನಿ" ಅಂದೆ. ಅಣ್ಣ ತಲೆ ಎತ್ತಲಿಲ್ಲ. ಎರಡು ಕಾಳಗ ಮುಗಿಸಿದ ಮೇಲೆ "ನಿಮ್ಮಾಕಿಗೆ ಕೇಳಿಯೇನು?" ಅಂದ. ಅವಳು ಅವತ್ತೇ ಹೂಂ ಅಂದಿದ್ದಳು, ನಾನೇ ತಡ ಮಾಡಿದ್ದು ಅಂತ ಹೇಳಿದೆ. ಅದನ್ನು ಹೇಳುವುದು ನನಗೆ ಸುಲಭ ಇರಲಿಲ್ಲ.

ಸೇವ್ ಮಾಡಿದರೆ ಆ ಬಣ್ಣ ಇಳಿದ ಚಿತ್ರಗಳು ಅಳಿಸಿಹೋಗುತ್ತವೆ, ಅವುಗಳ ಜಾಗಕ್ಕೆ ಇವತ್ತಿನವು ಬರುತ್ತವೆ. ಹಾಗಾಗಿ ಮೊದಲೇ ಆ ಫೈಲಿನ ಎರಡು ಪ್ರತಿ ತೆಗೆದಿಟ್ಟಿದ್ದೆ. ಈಗ ಪೋಸ್ಟರ್ ತೆಗೆದ ಗೋಡೆಯಲ್ಲಿ ಅಣ್ಣನ ಮಗಳ ಟೈಮ್‌ಟೇಬಲ್ ಇದೆ, ನಾನು ಡೈನಿಂಗ್ ಟೇಬಲ್ ಮೇಲೆ ಕೂತು ಕೆಲಸ ಮಾಡುತ್ತೇನೆ. ಬೆನ್ನು ನೋಯುತ್ತದೆ, ಆ ಕುರ್ಚಿಯ ನೆನಪೂ ಆಗುತ್ತದೆ.

ಅವತ್ತು ರಾತ್ರಿ ಹತ್ತರ ಹೊತ್ತಿಗೆ ಅಣ್ಣ ಬ್ಯಾಟರಿ ಹಿಡಿದು ಹೊಲಕ್ಕೆ ಎದ್ದ. ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತಾ, "ಸೇವ್ ಮಾಡೋ, ಲೈಟ್ ಹೋಗ್ತದ" ಅಂದ.

ಲ್ಯಾಪ್‌ಟಾಪಿಗೆ ಬ್ಯಾಟರಿ ಅದ ಅಂತ ನಾನು ಹೇಳಲಿಲ್ಲ. ಸೇವ್ ಮಾಡಿದೆ.