ನಮ್ಮ ಬಚ್ಚಲ ನೀರು ಹೋದ ಊರು

ಬೇಸಿಗೆ ರಜೆಗೆ ಮೊಮ್ಮಗಳನ್ನು ಕರೆದುಕೊಂಡು ಕೋರಮಂಗಲದಿಂದ ಮುಳಬಾಗಿಲು ಕಡೆಯ ನಮ್ಮ ಹಳ್ಳಿಗೆ ಹೊರಟಿದ್ದೆ. ಹೊಸಕೋಟೆ ದಾಟಿ ನರಸಾಪುರ ಬಂದಾಗ ಕಾರನ್ನು ಲಕ್ಷ್ಮೀಸಾಗರ ಕೆರೆಯತ್ತ ತಿರುಗಿಸಲು ಹೇಳಿದೆ.

“ನಿಮ್ಮ ಮನೆ ಬಚ್ಚಲ ನೀರು ಎಲ್ಲಿಗೆ ಬಂದಿದೆ, ತೋರಿಸ್ತೀನಿ ಬಾ” ಎಂದೆ.

“ಛೀ, ತಾತ!” ಎಂದು ಮೂಗು ಮುಚ್ಚಿಕೊಂಡಳು.

ಏರಿಯ ಮೇಲೆ ನಿಂತಾಗ ಮೂಗಿನ ಮೇಲಿನ ಕೈ ತಾನಾಗಿಯೇ ಕೆಳಗಿಳಿಯಿತು. ಕಣ್ಣ ತುಂಬ ನೀರು, ಅಂಚಿನಲ್ಲಿ ಬೆಳ್ಳಕ್ಕಿಗಳು.

ಮಕ್ಕಳೇ, ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೇ ಇಲ್ಲ. ಅದಕ್ಕೇ ನಮ್ಮ ಹಿರಿಯರು ಮಳೆನೀರು ಹಿಡಿಯಲು ಸಾಲುಸಾಲಾಗಿ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ. ತೂಬು ತೆಗೆದು ಗದ್ದೆಗಳಿಗೆ ನೀರು ಹಂಚಲು ಊರಿಗೊಬ್ಬ ನೀರುಗಂಟಿ. ಆಮೇಲೆ ಕೊಳವೆಬಾವಿಗಳು ಬಂದವು. ಕೆರೆಗಳು ಹೂಳು ತುಂಬಿ ಒಣಗಿದವು. ಸಾವಿರ ಅಡಿಗೂ ಕೆಳಗೆ ಕೊರೆದರೂ ಎಷ್ಟೋ ಕಡೆ ನೀರಿಲ್ಲ. ಸಿಕ್ಕ ನೀರಿನಲ್ಲಿ ಹಲವೆಡೆ ಫ್ಲೋರೈಡ್.

ಆಗ ಬಂದದ್ದು ಕೆ.ಸಿ. ವ್ಯಾಲಿ ಯೋಜನೆ, ಅಂದರೆ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು. ಬೆಂಗಳೂರಿನ ಆ ಭಾಗದ ಮನೆಗಳ ಕೊಳಚೆ ನೀರನ್ನು ಸಂಸ್ಕರಿಸಿ, ದೊಡ್ಡ ಕೊಳವೆಯಲ್ಲಿ ಇಲ್ಲಿಗೆ ಪಂಪ್ ಮಾಡುತ್ತಾರೆ. 2018ರ ಜೂನ್‌ನಲ್ಲಿ ಮೊದಲು ನೀರು ಬಂದದ್ದು ಇದೇ ಲಕ್ಷ್ಮೀಸಾಗರಕ್ಕೆ. ದಿನಕ್ಕೆ 44 ಕೋಟಿ ಲೀಟರ್ ಹರಿಸಿ 126 ಕೆರೆ ತುಂಬಿಸುವುದು ಯೋಜನೆಯ ಗುರಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕೆರೆಗಳೂ ಅದರಲ್ಲಿವೆ. ಇಲ್ಲೂ ಅದೇ ಹಳೆಯ ಲೆಕ್ಕ: ಒಂದು ತುಂಬಿ ಇನ್ನೊಂದಕ್ಕೆ.

“ಹಾಗಾದರೆ ಕುಡೀಬಹುದಾ?” ಎಂದಳು.

“ಬೇಡಮ್ಮ. ಇದು ಕುಡಿಯೋಕಲ್ಲ, ನೆಲದೊಳಗೆ ಇಂಗಲಿ ಅಂತ ಬಿಟ್ಟಿರೋದು” ಎಂದೆ.

ಸಂಸ್ಕರಣೆಗೆ ಹಂತಗಳಿವೆ. ಮೊದಲು ಜಾಲರಿ ಕಸ ತಡೆಯುತ್ತದೆ, ಮರಳು ಮತ್ತು ಕೆಸರು ತಳಕ್ಕಿಳಿಯುತ್ತವೆ. ಎರಡನೇ ಹಂತದಲ್ಲಿ ನೀರಿಗೆ ಗಾಳಿ ಊದುತ್ತಾರೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ಬೆಳೆಯುತ್ತವೆ. ಇಲ್ಲಿಗೆ ಬರುವುದು ಎರಡು ಹಂತ ಮುಗಿಸಿದ ನೀರು. ಉಳಿದ ಸೂಕ್ಷ್ಮ ಕೊಳೆ ತೆಗೆಯಲು ಮೂರನೇ ಹಂತವೂ ಬೇಕೆಂದು ಜಿಲ್ಲೆಯ ಜನ ಕೇಳುತ್ತಲೇ ಬಂದಿದ್ದಾರೆ. ಅವರ ಆತಂಕಕ್ಕೆ ಕಾರಣವಿದೆ. 2018ರ ಜುಲೈನಲ್ಲಿ ಇದೇ ಕೆರೆಯಲ್ಲಿ ಬಿಳಿ ನೊರೆ ಎದ್ದಿತ್ತು. ನೀರು ಕೆಲಕಾಲ ನಿಂತಿತು, ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು.

ಇನ್ನೊಂದು ಮಾತೂ ನಿಜ. ಕೆರೆ ತುಂಬಿದ ಕಡೆ ಬತ್ತಿದ ಕೊಳವೆಬಾವಿಗಳಲ್ಲಿ ಮತ್ತೆ ನೀರು ಕಂಡಿದೆ. ಏರಿಯ ಮೇಲೆ ಸಿಕ್ಕ ರೈತರೊಬ್ಬರು, “ನೀರು ಬಂದಿದ್ದು ಸಂತೋಷ ಸ್ವಾಮಿ. ಇನ್ನೊಂದು ಸಲ ಚೆನ್ನಾಗಿ ತೊಳೆದು ಕಳಿಸಿದರೆ ನೆಮ್ಮದಿ” ಎಂದರು. ಎರಡೂ ಮಾತು ಒಂದೇ ಉಸಿರಿನಲ್ಲಿ.

ರಜೆ ಮುಗಿಸಿ ಕೋರಮಂಗಲಕ್ಕೆ ಮರಳಿದೆವು. ಮಗಳು ವಡೆ ಕರಿದು ಉಳಿದ ಎಣ್ಣೆಯನ್ನು ಸಿಂಕಿಗೆ ಸುರಿಯಲು ಬಾಣಲೆ ಎತ್ತಿದಳು.

“ಅಮ್ಮಾ, ಬೇಡ!” ಮೊಮ್ಮಗಳು ಓಡಿ ಬಂದಳು. “ಅದು ಲಕ್ಷ್ಮೀಸಾಗರಕ್ಕೆ ಹೋಗುತ್ತೆ. ಅಲ್ಲಿ ಬೆಳ್ಳಕ್ಕಿಗಳಿವೆ.”

ಮಗಳು ನನ್ನ ಮುಖ ನೋಡಿದಳು. ನಾನು ಸುಮ್ಮನೆ ಒಂದು ಖಾಲಿ ಡಬ್ಬಿ ಹುಡುಕಿ ಕೊಟ್ಟೆ.