ಅನುಮಾನದ ಸರದಿ

ಅಣ್ಣ ಹತ್ತಿ ಮಾರಿದ ದುಡ್ಡಿನಲ್ಲಿ ಮಗನಿಗೆ ಗೇಮಿಂಗ್ ಪಿಸಿ ಕೊಡಿಸಲು ಹೊರಟಾಗ ಮನೆಯಲ್ಲಿ ಮೊದಲು ಹೂಂ ಅಂದವನು ನಾನು. ಹುಡುಗ ಡಿಪ್ಲೊಮಾ ಓದುತ್ತಾನೆ, ಬ್ಲೆಂಡರ್ ಎಂಬ ತ್ರೀಡಿ ಸಾಫ್ಟ್‌ವೇರ್ ಕಲಿಯುತ್ತಿದ್ದಾನೆ, ರಾತ್ರಿ ಗೇಮ್ ಆಡುತ್ತಾನೆ. ರೈಜನ್ ಪ್ರೊಸೆಸರ್, ಆರ್‌ಟಿಎಕ್ಸ್ ಗ್ರಾಫಿಕ್ಸ್ ಕಾರ್ಡ್, 16 ಜಿಬಿಯ ಎರಡು ಡಿಡಿಆರ್5 ರ್‍ಯಾಮ್, ಗಾಜಿನ ಬಾಗಿಲಿನ ಕ್ಯಾಬಿನೆಟ್. ನಮ್ಮೂರು ಕೊಂಕಲ್‌ಗೆ ಬಂದಿಳಿದ ವಾರದಲ್ಲೇ ಅದು ನಡುನಡುವೆ ನೀಲಿ ಪರದೆ ತೋರಿಸಿ ನಿಲ್ಲತೊಡಗಿತು. ಗೇಮ್ ಆಡುವಾಗ ನಿಂತಿತು, ಬ್ಲೆಂಡರ್‌ನಲ್ಲಿ ರೆಂಡರ್‌ಗೆ ಇಟ್ಟಾಗ ನಿಂತಿತು, ಒಮ್ಮೆ ಯಾರೂ ಮುಟ್ಟದೆ ಇದ್ದಾಗಲೂ ನಿಂತಿತು.

ಕಾರಣ ಕೊನೆಗೆ ಸಿಕ್ಕಿತು, ಅದನ್ನು ಹೇಳುತ್ತೇನೆ. ಅದು ಸಿಗುವ ಮೊದಲು ನನ್ನ ಅನುಮಾನ ಯಾರ ಯಾರ ಮೇಲೆ, ಯಾವ ಸರದಿಯಲ್ಲಿ ಹೋಯಿತು ಎಂಬುದನ್ನೂ ಬರೆದಿಡಬೇಕು ಅನ್ನಿಸಿದೆ. ನಾನು ವಿಜ್ಞಾನದ ಮಾಸ್ತರ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕಂಡದ್ದನ್ನು ಬರೆದಿಟ್ಟುಕೊಳ್ಳಿ ಎಂದು ಮಕ್ಕಳಿಗೆ ಹೇಳಿಕೊಂಡು ಬಂದವನು. ಆ ಮಾತು ನನ್ನೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂದು ಈ ಕಂಪ್ಯೂಟರ್ ನೋಡುವಂತೆ ಮಾಡಿತು.

ಮೊದಲ ಅನುಮಾನ ಹುಡುಗನ ಮೇಲೆ ಹೋಯಿತು.

"ಏನ್ ಡೌನ್‌ಲೋಡ್ ಮಾಡಿದಿ?"

"ಏನೂ ಮಾಡಿಲ್ಲ ಕಾಕಾ. ಸ್ಟೀಮ್‌ದಾಗಿನ ಗೇಮ್ ಅಷ್ಟ."

ಮುಂದೆ ನಾನು ಕೇಳಲಿಲ್ಲ. ನಂಬಲೂ ಇಲ್ಲ. ಹತ್ತೊಂಬತ್ತರ ಹುಡುಗ, ರಾತ್ರಿ ಒಂದರವರೆಗೆ ಎದ್ದಿರುವವನು, ಎಲ್ಲಿಂದಲೋ ಕದ್ದ ಸಾಫ್ಟ್‌ವೇರ್ ಹಾಕಿಕೊಂಡಿರಬೇಕು ಎಂದು ಮನಸ್ಸು ತೀರ್ಮಾನ ಕೊಟ್ಟೇಬಿಟ್ಟಿತ್ತು. ಅದಕ್ಕೆ ಆಧಾರ ಏನಿತ್ತು ಎಂದು ಈಗ ಕೇಳಿಕೊಂಡರೆ ಅವನ ವಯಸ್ಸು ಬಿಟ್ಟು ಬೇರೇನೂ ಸಿಗುವುದಿಲ್ಲ.

ಎರಡನೆಯ ಅನುಮಾನ ನನಗೆ ಹೊಳೆದದ್ದಲ್ಲ, ಫೋನಿನಲ್ಲಿ ಬಂತು. ಪಿಸಿ ಕೊಂಡ ಅಂಗಡಿಗೆ ಕರೆ ಮಾಡಿ ಊರಿನ ಹೆಸರು ಹೇಳಿದೆ. ಆ ಕಡೆಯವರು, "ನಿಮ್ಮ ಕಡೆ ಕರೆಂಟ್ ಸಮಸ್ಯೆ ಇರುತ್ತಲ್ಲ ಸರ್? ಧೂಳು, ಬಿಸಿಲು ಬೇರೆ" ಅಂದರು. ನಾನು, "ಹೌದ್ರಿ, ಇರ್ತದ" ಅಂದೆ. ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ಎಂದು ನಾನು ಆಮೇಲೆ ಬಹಳ ಹೊತ್ತು ಯೋಚಿಸಿದ್ದೇನೆ.

ಕರೆಂಟಿನ ತೊಂದರೆ ಇಲ್ಲವೆಂದಲ್ಲ. ಬೇಸಿಗೆಯ ಸಂಜೆ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾದರೆ ನಮ್ಮ ಮನೆಯ ಫ್ಯಾನು ಮಂದವಾಗುತ್ತದೆ. ಆದರೆ ಅದಕ್ಕೂ ನೀಲಿ ಪರದೆಗೂ ಸಂಬಂಧ ಉಂಟೇ ಎಂದು ನಾನು ಕೇಳಲೇ ಇಲ್ಲ. ಊರಿನ ಹೆಸರು ಬಂದ ಕೂಡಲೇ ತಪ್ಪು ಊರಿನದೇ ಎಂದು ಒಪ್ಪಿಕೊಳ್ಳುವ ರೂಢಿ ಎಂದೋ ಒಳಗೆ ಬಂದು ಕೂತಿದೆ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಕೊಟ್ಟ ವರದಿಯಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳು 39. ಅವುಗಳಲ್ಲಿ 21 ನಾವಿರುವ, ಆಗಿನ ಗುಲಬರ್ಗಾ ವಿಭಾಗದವು. 2009ರ ಕೊನೆಗೆ ನಮ್ಮ ಯಾದಗಿರಿ ಜಿಲ್ಲೆಯಾಯಿತು, 2013ರಲ್ಲಿ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು. ಆ ವರದಿ ನಮಗೆ ಬೇಕಾಗಿತ್ತು, ಅದು ನ್ಯಾಯ ಕೇಳಲು ಬರೆದದ್ದು. ಆದರೆ ನಮಗೆ ಏನೇನು ಸಿಕ್ಕಿಲ್ಲ ಎಂದು ಹೇಳಿದ ಪಟ್ಟಿಯನ್ನೇ ನಾವು ಎಂಥವರು ಎಂದು ಹೇಳುವ ಪಟ್ಟಿಯಂತೆ ನನ್ನ ತಲೆಮಾರಿನ ಎಷ್ಟೋ ಮಂದಿ ಓದಿಕೊಂಡೆವು. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ರಾಜ್ಯಕ್ಕೆಲ್ಲ ಕರೆಂಟ್ ಕೊಡುತ್ತಿರುವುದು ಈ ಸೀಮೆಯೇ. ಅದು ನನಗೆ ಫೋನಿನಲ್ಲಿ ನೆನಪಾಗಲಿಲ್ಲ.

ಕರೆಂಟಿನ ಮೇಲಿನ ಆರೋಪಕ್ಕೆ ಉತ್ತರ ಆ ನೀಲಿ ಪರದೆಯಲ್ಲೇ ಇತ್ತು. ವಿಂಡೋಸ್ ತನ್ನ ಒಳಗಿನ ಲೆಕ್ಕ ಇನ್ನು ನಂಬುವಂತಿಲ್ಲ ಎಂದು ಕಂಡಾಗ ತಾನೇ ತನ್ನನ್ನು ನಿಲ್ಲಿಸಿಕೊಳ್ಳುತ್ತದೆ. ಮುಂದುವರಿದರೆ ಡಿಸ್ಕಿನಲ್ಲಿರುವ ಕಡತಗಳೂ ಕೆಡಬಹುದು. ನಿಲ್ಲುವ ಮುನ್ನ ಪರದೆಯ ಮೇಲೆ ಒಂದು ಸ್ಟಾಪ್ ಕೋಡ್ ತೋರಿಸುತ್ತದೆ, ಮೆಮೊರಿಯಲ್ಲಿದ್ದ ಮುಖ್ಯ ವಿವರಗಳನ್ನು ಮಿನಿಡಂಪ್ ಎಂಬ ಕಡತಕ್ಕೆ ಬರೆಯುತ್ತದೆ. ಇಷ್ಟೆಲ್ಲ ಮಾಡಲು ಕರೆಂಟ್ ಬೇಕು. ಕರೆಂಟೇ ಹೋದರೆ ಪರದೆ ಒಮ್ಮೆಗೇ ಕಪ್ಪಾಗುತ್ತದೆ, ನೀಲಿ ಬರುವುದಕ್ಕೆ ಅವಕಾಶವೇ ಇರುವುದಿಲ್ಲ. ಆಗ ವಿಂಡೋಸ್ ತನ್ನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆ ಇರುತ್ತದೆ, ಅದರೊಳಗೆ ಬಗ್‌ಚೆಕ್ ಕೋಡ್, ಅಂದರೆ ಸ್ಟಾಪ್ ಕೋಡ್, ಸೊನ್ನೆ. ನಮ್ಮ ದಾಖಲೆಗಳಲ್ಲಿ ಸೊನ್ನೆ ಇರಲಿಲ್ಲ. ಒಳ್ಳೆಯ ಪವರ್ ಸಪ್ಲೈ 100ರಿಂದ 240 ವೋಲ್ಟ್‌ವರೆಗೆ ನಡೆಯುವಂತೆ ಮಾಡಿದ್ದಿರುತ್ತದೆ, ಫ್ಯಾನು ಮಂದವಾದಷ್ಟಕ್ಕೆ ಅದು ಕಂಗೆಡುವುದಿಲ್ಲ. ಬಿಸಿಲಿನದೂ ಹೀಗೇ. ಹೊರಗೆ 40 ಡಿಗ್ರಿ ದಾಟಿದರೂ ಪ್ರೊಸೆಸರ್ ತನ್ನ ಮಿತಿ ಮುಟ್ಟುತ್ತಿದ್ದಂತೆ ಮೊದಲು ವೇಗ ತಗ್ಗಿಸಿಕೊಳ್ಳುತ್ತದೆ, ಅದಕ್ಕೂ ಮೀರಿದರೆ ಪೂರ್ತಿ ಆಫ್ ಆಗುತ್ತದೆ. ಆಟದ ನಡುವೆ ಬಿಸಿ ಎಷ್ಟಿದೆ ನೋಡಿದೆವು, ಮಿತಿಗಿಂತ ಬಹಳ ಕೆಳಗಿತ್ತು. ಎರೆಮಣ್ಣಿನ ಧೂಳು ಫಿಲ್ಟರ್‌ನಲ್ಲಿ ತೆಳ್ಳಗೆ ಕೂತಿತ್ತು, ಒರೆಸಿದೆವು, ಏನೂ ಬದಲಾಗಲಿಲ್ಲ.

ಈವೆಂಟ್ ವ್ಯೂವರ್ ತೆರೆದು ತೋರಿಸಿದವನು ಹುಡುಗನೇ. ಜೊತೆಗೆ ಒಂದು ನೋಟ್‌ಬುಕ್ ತಂದ. ಎರಡನೇ ಸಲ ಕೆಟ್ಟ ದಿನದಿಂದಲೇ ತಾರೀಖು, ಹೊತ್ತು, ಆಗ ಏನು ಮಾಡುತ್ತಿದ್ದ, ಸ್ಟಾಪ್ ಕೋಡ್ ಯಾವುದು, ಕರೆಂಟ್ ಇತ್ತೋ ಇನ್ವರ್ಟರ್ ಮೇಲಿತ್ತೋ, ಎಲ್ಲ ಗೆರೆ ಹೊಡೆದು ಬರೆದಿದ್ದ. ನಾನು ತರಗತಿಯಲ್ಲಿ ಹೇಳಿಕೊಡುವ ಕೋಷ್ಟಕವೇ ಅದು. ನಾನು ಅನುಮಾನಿಸುತ್ತಾ ಕೂತಿದ್ದ ಅಷ್ಟೂ ದಿನ ಅವನು ಪುರಾವೆ ಕೂಡಿಸುತ್ತಿದ್ದ. ನಾನು ಕೇಳಿದ್ದರೆ ಮೊದಲ ದಿನವೇ ತೋರಿಸುತ್ತಿದ್ದ. ಕೇಳಬೇಕು ಅನ್ನಿಸಲಿಲ್ಲ, ಯಾಕೆಂದರೆ ನನ್ನ ಲೆಕ್ಕದಲ್ಲಿ ಅವನು ಆರೋಪಿ, ಸಾಕ್ಷಿಯಲ್ಲ.

ಆ ಕೋಷ್ಟಕದಲ್ಲಿ ಒಂದು ವಿಚಿತ್ರ ಎದ್ದು ಕಾಣುತ್ತಿತ್ತು: ಕೋಡ್ ಪ್ರತಿಸಲವೂ ಬೇರೆ. ಒಮ್ಮೆ ಮೆಮೊರಿ ಮ್ಯಾನೇಜ್‌ಮೆಂಟ್, ಒಮ್ಮೆ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್, ಇನ್ನೊಮ್ಮೆ ಪೇಜ್ ಫಾಲ್ಟ್. ಮಿನಿಡಂಪನ್ನು ಅದನ್ನು ಓದುವ ವಿನ್‌ಡಿಬಿಜಿ ಎಂಬ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಒಂದು ಸಲ ಗ್ರಾಫಿಕ್ಸ್ ಡ್ರೈವರ್‌ನ ಹೆಸರು, ಮತ್ತೊಂದು ಸಲ ವಿಂಡೋಸ್‌ನ ಕರ್ನಲ್ ಕಡತದ್ದೇ ಹೆಸರು. ನಾನು ಗ್ರಾಫಿಕ್ಸ್ ಕಾರ್ಡೇ ಕೆಟ್ಟಿದೆ ಎಂದು ಹೊಸ ಆರೋಪಿಯನ್ನು ಹಿಡಿದೆ. ಆದರೆ ಡಂಪ್ ಹೇಳುವುದು ಎಡವಿ ಬಿದ್ದವನ ಹೆಸರು, ದಾರಿಯಲ್ಲಿ ಕಲ್ಲು ಇಟ್ಟವನದಲ್ಲ. ಒಂದೇ ಡ್ರೈವರ್ ತಪ್ಪಿತಸ್ಥನಾಗಿದ್ದರೆ ಸಾಮಾನ್ಯವಾಗಿ ಅದರದ್ದೇ ಹೆಸರು ಮತ್ತೆ ಮತ್ತೆ ಬರುತ್ತದೆ. ದಿನಕ್ಕೊಬ್ಬರು ಬೀಳುತ್ತಿದ್ದರೆ ಎಲ್ಲರೂ ನಡೆಯುವ ನೆಲವನ್ನೇ, ಅಂದರೆ ರ್‍ಯಾಮನ್ನೇ ಮೊದಲು ನೋಡಬೇಕು.

ಅನುಮಾನದ ಈ ಸರದಿ ನಮ್ಮ ಮನೆಗೆ ಸೀಮಿತವಾದದ್ದಲ್ಲ ಎಂದು ಆಮೇಲೆ ಓದುತ್ತ ಹೋದಂತೆ ತಿಳಿಯಿತು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ದುಬಾರಿ ಪ್ರೊಸೆಸರ್‌ಗಳು ಗೇಮ್ ನಡುವೆ ಕೈಕೊಡತೊಡಗಿದಾಗ ಪರದೆಯ ಮೇಲೆ ಬರುತ್ತಿದ್ದ ಸಂದೇಶ ವಿಡಿಯೊ ಮೆಮೊರಿ ಸಾಲದು ಎಂದು. ಜನ ಗ್ರಾಫಿಕ್ಸ್ ಕಾರ್ಡನ್ನು ದೂರಿದರು, ಗೇಮ್ ಬರೆದವರನ್ನು ದೂರಿದರು. ಪ್ರೊಸೆಸರ್‌ಗೆ ಬೇಕಾದದ್ದಕ್ಕಿಂತ ಹೆಚ್ಚು ವೋಲ್ಟೇಜ್ ಹೋಗಿ ಅದು ಒಳಗೇ ಸವೆಯುತ್ತಿತ್ತು ಎಂದು ಕಂಪನಿ ಒಪ್ಪಿಕೊಂಡದ್ದು 2024ರಲ್ಲಿ. ಆಗಸ್ಟ್‌ನಲ್ಲಿ ಮೈಕ್ರೊಕೋಡ್ ತಿದ್ದುಪಡಿ ಬಂತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದರು. ಅದೇ ವರ್ಷ ಜುಲೈ 19ರಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ನಿಂತವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಸಾಲುಗಟ್ಟಿದರು, ದೇಶದ ಹಲವೆಡೆ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಸೈಬರ್ ದಾಳಿ ಇರಬೇಕು ಎಂದು ಎಷ್ಟೋ ಜನ ಹೆದರಿದರು. ಯಂತ್ರಗಳನ್ನು ಕಾಯಲೆಂದೇ ಹಾಕಿಕೊಂಡಿದ್ದ ಕ್ರೌಡ್‌ಸ್ಟ್ರೈಕ್‌ನ ಒಂದು ದೋಷದ ಅಪ್‌ಡೇಟ್ ಅದಕ್ಕೆ ಕಾರಣವಾಗಿತ್ತು. ಹೊರಗಿನವನ ಮೇಲೆ, ಚಿಕ್ಕವನ ಮೇಲೆ, ಬಡ ಊರಿನ ಮೇಲೆ ಅನುಮಾನ ಬೇಗ ಹೋಗುತ್ತದೆ. ಬೆಲೆ ಕೊಟ್ಟು ತಂದದ್ದರ ಮೇಲೆ ಹೋಗಲು ಹೊತ್ತು ಹಿಡಿಯುತ್ತದೆ.

ಕಾಕಾ-ಮಗ ಕೂತು ಪೆನ್‌ಡ್ರೈವ್‌ಗೆ ಮೆಮ್‌ಟೆಸ್ಟ್ ಹಾಕಿದೆವು. ವಿಂಡೋಸ್ ಇಲ್ಲದೆ ತಾನೇ ಬೂಟ್ ಆಗಿ, ರ್‍ಯಾಮಿನ ಒಂದೊಂದು ಜಾಗಕ್ಕೂ ಒಂದು ಮಾದರಿ ಬರೆದು, ಮರಳಿ ಓದಿ, ಬರೆದದ್ದೇ ಸಿಕ್ಕಿತೇ ಎಂದು ತಾಳೆ ನೋಡುವ ಸಾಫ್ಟ್‌ವೇರ್ ಅದು. ಮೊದಲು ಏನೂ ಇಲ್ಲ. ಊಟ ಮುಗಿಸಿ ಬರುವಷ್ಟರಲ್ಲಿ ಪರದೆಯ ತಳದಲ್ಲಿ ಕೆಂಪು ಸಾಲುಗಳು ಒಂದರ ಕೆಳಗೊಂದು ಇಳಿಯುತ್ತಿದ್ದವು. ಬರೆದದ್ದು ಒಂದು, ಓದಿದ್ದು ಇನ್ನೊಂದು. ಬರಿ ಒಂದು ಬಿಟ್‌ನ ವ್ಯತ್ಯಾಸ.

ಎರಡರಲ್ಲಿ ಯಾವುದು ಎಂದು ತಿಳಿಯಲು ಒಂದನ್ನು ತೆಗೆಯಬೇಕಿತ್ತು. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಂಡು, ಹುಡುಗ ಕ್ಲಿಪ್ ಒತ್ತಿದ. ರ್‍ಯಾಮ್ ಮೇಲೆದ್ದಿತು. ಮತ್ತೆ ಆನ್ ಮಾಡಿದರೆ ಫ್ಯಾನುಗಳು ತಿರುಗುತ್ತಿವೆ, ಪರದೆ ಮಾತ್ರ ಕಪ್ಪು. ನಿಮಿಷಗಳು ಹೋದವು. ಇದ್ದದ್ದನ್ನೂ ಕೆಡಿಸಿದೆವು ಎಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಕೈ ಪವರ್ ಬಟನ್ ಕಡೆ ಹೋಗಿತ್ತು.

"ಬ್ಯಾಡ ಕಾಕಾ, ಟ್ರೇನಿಂಗ್ ನಡದದ" ಅಂದ.

ಡಿಡಿಆರ್5 ರ್‍ಯಾಮ್ ಬದಲಿಸಿದಾಗ ಮದರ್‌ಬೋರ್ಡ್ ಅದರ ಜೊತೆ ಯಾವ ಗತಿಯಲ್ಲಿ ಮಾತಾಡಬೇಕು ಎಂದು ಅಳೆದು ಸರಿಮಾಡಿಕೊಳ್ಳುತ್ತದೆ, ಅಷ್ಟು ಹೊತ್ತೂ ಪರದೆ ಕಪ್ಪಾಗೇ ಇರುತ್ತದೆ. ಅವನು ಅದನ್ನು ಓದಿಕೊಂಡಿದ್ದ. ಕೈ ಹಿಂದಕ್ಕೆ ತೆಗೆದುಕೊಂಡೆ.

ಒಂದು ರ್‍ಯಾಮ್ ರಾತ್ರಿಯಿಡೀ ಓಡಿದರೂ ಒಂದು ತಪ್ಪೂ ಬರಲಿಲ್ಲ. ಇನ್ನೊಂದನ್ನು ಅದೇ ಸ್ಲಾಟ್‌ಗೆ ಹಾಕಿದರೆ ಕೆಂಪು ಸಾಲುಗಳು. ಡಬ್ಬಿಯ ಮೇಲೆ ಬರೆದ ವೇಗ 6000. ಆ ವೇಗ ಸಿಗುವುದು ಬಯಾಸ್‌ನಲ್ಲಿ ಎಕ್ಸ್‌ಪೋ ಆನ್ ಮಾಡಿದಾಗ. ಅದಿಲ್ಲದಿದ್ದರೆ ರ್‍ಯಾಮ್ ತನ್ನ ಮೂಲ ವೇಗ 4800ರಲ್ಲೇ ಓಡುತ್ತದೆ. ಅಂಗಡಿಯಲ್ಲಿ ಜೋಡಿಸುವಾಗಲೇ ಎಕ್ಸ್‌ಪೋ ಆನ್ ಆಗಿತ್ತು. ಆಫ್ ಮಾಡಿ ನೋಡಿದರೆ ಆ ರ್‍ಯಾಮೂ ಸರಿಯಾಗಿ ಓದಿ ಬರೆಯಿತು. ಮಾರಿದ ವೇಗವನ್ನು ತಾಳಿಕೊಳ್ಳುವ ಶಕ್ತಿ ಅದಕ್ಕೆ ಇರಲಿಲ್ಲ, ಅಷ್ಟೇ. ಕ್ಯಾಬಿನೆಟ್‌ನೊಳಗೆ ಎಲ್ಲಕ್ಕಿಂತ ಚೆಂದ ಬಣ್ಣಬಣ್ಣದ ಬೆಳಕು ಬಿಡುತ್ತಿದ್ದದ್ದು ಅದೇ. ನನ್ನ ಅನುಮಾನ ಅದರ ಹತ್ತಿರ ಬಂದದ್ದು ಎಲ್ಲರ ನಂತರ.

ಅಂಗಡಿಯವರ ಜೊತೆ ಈ ಸಲ ಹುಡುಗ ಮಾತಾಡಿದ. ಕೆಂಪು ಸಾಲುಗಳ ಫೋಟೊ, ನೋಟ್‌ಬುಕ್ಕಿನ ಪುಟ ಎರಡನ್ನೂ ಕಳಿಸಿದ್ದ. ಆ ಕಡೆಯಿಂದ ಮತ್ತೆ ಕರೆಂಟಿನ ಮಾತು ಬಂದಾಗ, "ಕರೆಂಟ್ ಹೋದ್ರ ಸ್ಟಾಪ್ ಕೋಡ್ ಬರಂಗಿಲ್ರಿ ಸರ್" ಎಂದು ಶಾಂತವಾಗಿ ಹೇಳಿ ಸುಮ್ಮನಾದ. ಒಂದು ರ್‍ಯಾಮ್ ಕೆಟ್ಟರೂ ಜೋಡಿಯನ್ನೇ ಬದಲಿಸುತ್ತಾರಂತೆ; ವಾರಂಟಿಯಲ್ಲಿ ಹೊಸ ಜೋಡಿ ಬಂತು, ಎಕ್ಸ್‌ಪೋ ಆನ್ ಇಟ್ಟೇ ಮೆಮ್‌ಟೆಸ್ಟ್ ಓಡಿಸಿದೆವು. ಆ ಮೇಲೆ ನೀಲಿ ಪರದೆ ಕಾಣಲಿಲ್ಲ.

ಅವತ್ತು ಸಂಜೆ ಅವನು ಯಾವುದೋ ರೆಂಡರ್‌ಗೆ ಇಟ್ಟು ಕಾಯುತ್ತಿದ್ದ. ಪಕ್ಕದಲ್ಲಿ ಕೂತು ಹೇಳಿದೆ, ಮೊದಲು ನಾ ನಿನ್ನ ಮ್ಯಾಲೇ ಅನುಮಾನ ಪಟ್ಟಿದ್ದೆ ಎಂದು. ಪರದೆಯಿಂದ ಕಣ್ಣು ತೆಗೆಯದೆ ಅಂದ:

"ನೀ ಅಂದಿಲ್ಲ ಬಿಡು ಕಾಕಾ. ಆದ್ರ ನಂಗ ಗೊತ್ತಾಗಿತ್ತು. ಅದಕ್ಕ ಬರದಿಟ್ಟೆ."